ಮೂಕ ಹೃದಯವೂ ಮಾತನಾಡುವ ರಕ್ತವೂ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನೋಡದವರು ಕನ್ನಡನಾಡಿನಲ್ಲಿ ವಿರಳ. ನಾಟಿ ಮಾವಿನ ಸಸಿಯ ಕಾಂಡವನ್ನು ಓರೆಯಾಗಿ ಕೊಯ್ದು, ಒಳ್ಳೆಯ ಜಾತಿಯ ಮರದ ರೆಂಬೆಯೊಂದನ್ನು ಅದಕ್ಕೆ ಹೊಂದಿಸಿ ಬಿಗಿಯಾಗಿ ಕಟ್ಟಿಬಿಟ್ಟರೆ, ಕೆಲವು ವಾರಗಳಲ್ಲಿ ಎರಡರ ರಸವೂ ಒಂದಾಗಿ ಹರಿಯುತ್ತದೆ. ಬೇರು ಒಂದರದು, ಫಲ ಮತ್ತೊಂದರದು ಎಂಬ ವ್ಯಾಜ್ಯವು ಆ ವೃಕ್ಷಕ್ಕೆ ತಿಳಿಯದು. ಇದೇ 'ಕಸಿ' ಎಂಬ ಮಾತು ಈಗ ಮನುಷ್ಯನ ಅಂಗಗಳಿಗೂ ಸಲ್ಲುತ್ತಿದೆ. ಮೂತ್ರಪಿಂಡದ ಕಸಿ, ಹೃದಯದ ಕಸಿ ಎಂಬ ಪದಗಳು ವೃತ್ತಪತ್ರಿಕೆಗಳ ಓದುಗರಿಗೆ ಹೊಸವಲ್ಲ. ಆದರೆ ಪದವು ಒಂದೇ ಆದರೂ ಪದಾರ್ಥವು ಬೇರೆ. ಗಿಡವು ಸುಮ್ಮನೆ ಒಪ್ಪಿಕೊಳ್ಳುವುದನ್ನು ಮನುಷ್ಯಶರೀರವು ಎಂದಿಗೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ.

ಸುಶ್ರುತಸಂಹಿತೆಯಲ್ಲಿ, ಮೂಗನ್ನು ಕಳೆದುಕೊಂಡವನಿಗೆ ಅವನ ಕೆನ್ನೆಯ ಚರ್ಮವನ್ನೇ ಬಿಡಿಸಿ ಹೊಸ ಮೂಗನ್ನು ಕಟ್ಟುವ ವಿಧಾನವು ಹೇಳಲ್ಪಟ್ಟಿದೆ. ಅಲ್ಲಿ ಕೊಡುವವನೂ ಪಡೆಯುವವನೂ ಒಬ್ಬನೇ ಆದುದರಿಂದ ಶರೀರಕ್ಕೆ ಆಕ್ಷೇಪಣೆಯಿರಲಿಲ್ಲ. ಪರರ ಚರ್ಮವನ್ನು ತಂದು ಹಚ್ಚಿದರೆ ಏನಾಗುವುದೆಂಬುದು ಶಾಸ್ತ್ರೀಯವಾಗಿ ತಿಳಿದುಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗ್ಲಾಸ್ಗೋ ನಗರದಲ್ಲಿ ಸುಟ್ಟಗಾಯದ ರೋಗಿಗಳನ್ನು ಪರೀಕ್ಷಿಸುತ್ತಿದ್ದ ಪೀಟರ್ ಮೆಡಾವರ್ ಎಂಬ ಪ್ರಾಣಿಶಾಸ್ತ್ರಜ್ಞರು ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರೊಡಗೂಡಿ ೧೯೪೩ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಅನ್ಯರ ಚರ್ಮವು ಮೊದಲನೆಯ ಸಲ ಕೆಲವು ದಿನಗಳ ಮೇಲೆ ನಾಶವಾಗುತ್ತದೆ. ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಹಚ್ಚಿದರೆ ಇನ್ನೂ ಬೇಗನೆ ನಾಶವಾಗುತ್ತದೆ. ಅಂದರೆ ಶರೀರವು ಅನ್ಯವನ್ನು ಗುರುತಿಸುತ್ತದೆ. ಗುರುತಿಸಿದ್ದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತದೆ. ರಕ್ತದಲ್ಲಿರುವ ಬಿಳಿಯ ಕಣಗಳು ಈ ಕಾವಲಿನ ಭಟರು. ರೋಗಾಣುಗಳಿಂದ ಮನುಷ್ಯನನ್ನು ಕಾಪಾಡುವ ಈ ಕಾವಲೇ, ಕಸಿಮಾಡಿದ ಅಂಗಕ್ಕೆ ಶತ್ರುವಾಗಿ ನಿಲ್ಲುತ್ತದೆ. ಈ ವ್ಯಾಪಾರಕ್ಕೆ 'ತಿರಸ್ಕಾರ'ವೆಂದು ಹೆಸರು.

ತಿರಸ್ಕಾರವನ್ನು ತಡೆಯುವುದಕ್ಕಿಂತಲೂ ಅದು ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದೇ ಎಷ್ಟು ಕಷ್ಟವೆಂಬುದನ್ನು ಪ್ರಪಂಚಕ್ಕೆ ತೋರಿಸಿಕೊಟ್ಟದ್ದು ಮೊಟ್ಟಮೊದಲನೆಯ ಹೃದಯದ ಕಸಿಯೇ. ೧೯೬೭ನೆಯ ಡಿಸೆಂಬರ್ ೩ರಂದು, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಗ್ರೂಟೆ ಸ್ಕೂರ್ ಆಸ್ಪತ್ರೆಯಲ್ಲಿ, ಕ್ರಿಶ್ಚಿಯನ್ ಬರ್ನಾರ್ಡ್ ಎಂಬ ಶಸ್ತ್ರವೈದ್ಯರು ರಸ್ತೆಯ ಅಪಘಾತಕ್ಕೀಡಾದ ೨೫ ವರ್ಷದ ಡೆನೀಸ್ ಡಾರ್ವಾಲ್ ಎಂಬಾಕೆಯ ಹೃದಯವನ್ನು ಲೂಯಿ ವಾಷ್ಕಾನ್ಸ್ಕಿ ಎಂಬ ದಿನಸಿ ವ್ಯಾಪಾರಿಯ ಎದೆಯಲ್ಲಿ ಇರಿಸಿದರು. ಹೊಸ ಹೃದಯವು ಮಿಡಿಯಿತು. ರೋಗಿಯು ಎದ್ದು ಕುಳಿತು ಮಾತನಾಡಿದನು. ಕೆಲವು ದಿನಗಳಾದ ಮೇಲೆ ಅವನ ಪುಪ್ಪುಸದ ಕ್ಷಕಿರಣ ಚಿತ್ರದಲ್ಲಿ ಕಲೆಗಳು ಕಾಣಿಸಿಕೊಂಡುವು. ಇದು ತಿರಸ್ಕಾರದ ಚಿಹ್ನೆಯೋ, ಸೋಂಕಿನ ಚಿಹ್ನೆಯೋ ಎಂಬ ಪ್ರಶ್ನೆಯು ಎದ್ದಿತು. ತಿರಸ್ಕಾರವಿರಬೇಕೆಂದು ಶಂಕಿಸಿ, ಶರೀರದ ಕಾವಲನ್ನು ಕುಗ್ಗಿಸುವ ಔಷಧಿಗಳನ್ನು ವೈದ್ಯರು ಹೆಚ್ಚಿಸಿದರು. ಇದ್ದದ್ದು ನ್ಯುಮೋನಿಯ. ಕಾವಲಿಲ್ಲದ ಶರೀರದಲ್ಲಿ ಅದು ಹಬ್ಬಿ, ಕಸಿಯಾದ ೧೮ನೆಯ ದಿನ ಆ ಮನುಷ್ಯನು ತೀರಿಕೊಂಡನು.

ಹೃದಯದ ಕಸಿಯ ಕಷ್ಟವೆಲ್ಲವೂ ಈ ಹದಿನೆಂಟು ದಿನಗಳಲ್ಲಿ ಅಡಗಿದೆ. ಔಷಧಿಯು ಕಡಮೆಯಾದರೆ ಶರೀರವು ಹೃದಯವನ್ನು ಕೊಲ್ಲುತ್ತದೆ. ಹೆಚ್ಚಾದರೆ ಸೋಂಕು ಶರೀರವನ್ನು ಕೊಲ್ಲುತ್ತದೆ. ಎರಡರ ನಡುವಣ ದಾರಿಯು ಕತ್ತಿಯ ಅಲಗಿನಷ್ಟು ಸಣ್ಣದು. ಆ ದಾರಿಯಲ್ಲಿ ನಡೆಯಬೇಕಾದ ವೈದ್ಯನಿಗೆ ಶಸ್ತ್ರಕ್ಕಿಂತಲೂ ಔಷಧಿಗಿಂತಲೂ ಮೊದಲು ಬೇಕಾದುದು ಒಂದು ಸುದ್ದಿ: ಒಳಗಿರುವ ಹೃದಯವು ಈ ಹೊತ್ತು ಕ್ಷೇಮದಿಂದಿದೆಯೆ?

ಈ ಪ್ರಶ್ನೆಗೆ ಹೃದಯವು ತಾನಾಗಿ ಉತ್ತರ ಕೊಡಲಾರದು. ಸ್ವಂತ ಹೃದಯಕ್ಕೆ ರಕ್ತವು ಸಾಲದೆ ಬಂದರೆ ಎದೆಯಲ್ಲಿ ನೋವು ಹುಟ್ಟಿ ಮನುಷ್ಯನನ್ನು ಎಚ್ಚರಿಸುತ್ತದೆ. ಕಸಿಮಾಡುವಾಗ ಹೃದಯದ ನರಗಳೆಲ್ಲವೂ ಕತ್ತರಿಸಲ್ಪಡುತ್ತವೆ. ಶಸ್ತ್ರವೈದ್ಯನು ರಕ್ತನಾಳಗಳನ್ನು ಹೊಲಿಯಬಲ್ಲನಲ್ಲದೆ ನರಗಳನ್ನು ಕೂಡಿಸಲಾರನು. ಆದುದರಿಂದ ಹೊಸ ಹೃದಯವು ಮೂಕವಾಗಿಯೇ ಕೆಲಸಮಾಡುತ್ತದೆ. ಒಡೆಯನು ಮಲಗಿದ್ದರೂ ಅದು ನಿಮಿಷಕ್ಕೆ ತೊಂಬತ್ತು ನೂರು ಸಲ ತನ್ನ ಪಾಡಿಗೆ ತಾನು ಮಿಡಿಯುತ್ತಿರುತ್ತದೆ. ಬಿಳಿಯ ಕಣಗಳು ಅದರ ಮಾಂಸದೊಳಗೆ ನುಗ್ಗಿ ತಂತುಗಳನ್ನು ಒಂದೊಂದಾಗಿ ಕೆಡಿಸುತ್ತಿದ್ದರೂ, ಬಹುಕಾಲ ರೋಗಿಗೆ ಏನೂ ತಿಳಿಯುವುದಿಲ್ಲ. ಏದುಸಿರು, ಕಾಲಿನ ಬಾವು ಮೊದಲಾದುವು ತೋರುವ ವೇಳೆಗೆ ಹಾನಿಯು ಬಹಳಮಟ್ಟಿಗೆ ಆಗಿಹೋಗಿರುತ್ತದೆ.

೧೯೬೮ನೆಯ ಇಸವಿಯಲ್ಲಿ ಲೋಕದ ನಾನಾ ದೇಶಗಳಲ್ಲಿ ಸುಮಾರು ನೂರು ಕಸಿಗಳು ನಡೆದುವು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪಿ. ಕೆ. ಸೇನ್ ಅವರು ಅದೇ ವರ್ಷದ ಫೆಬ್ರವರಿಯಲ್ಲಿ ಈ ಸಾಹಸವನ್ನು ಮಾಡಿದರು; ರೋಗಿಯು ಕೆಲವು ಗಂಟೆಗಳ ಕಾಲ ಮಾತ್ರ ಬದುಕಿದನು. ಉಳಿದೆಡೆಗಳಲ್ಲಿಯೂ ಬಹುಮಂದಿ ರೋಗಿಗಳು ಬೇಗನೆ ತೀರಿಕೊಂಡುದರಿಂದ ಹೆಚ್ಚಿನ ಆಸ್ಪತ್ರೆಗಳು ಕೈಬಿಟ್ಟುವು. ಕೈಬಿಡದೆ ಉಳಿದ ಕೆಲವರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಾರ್ಮನ್ ಶಮ್ವೇ ಅವರು ಪ್ರಮುಖರು. ಅವರ ಬಳಗದಲ್ಲಿದ್ದ ಫಿಲಿಪ್ ಕೇವ್ಸ್ ಎಂಬ ಶಸ್ತ್ರವೈದ್ಯರು ೧೯೭೩ರ ಸುಮಾರಿಗೆ, ಜಪಾನಿನ ವೈದ್ಯರು ಹಿಂದೆಯೇ ರಚಿಸಿದ್ದ ಉಪಕರಣವೊಂದನ್ನು ಮಾರ್ಪಡಿಸಿ, ಹೃದಯದ ಒಳಗಿನ ಮಾಂಸವನ್ನೇ ಚಿವುಟಿ ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ಇದೇ ಬಯಾಪ್ಸಿ.

ಅದರ ವಿಧಾನವು ಹೀಗೆ: ರೋಗಿಯ ಕೊರಳಿನ ಬಲಗಡೆಯ ಅಭಿಧಮನಿಯನ್ನು ಸೂಜಿಯಿಂದ ಚುಚ್ಚಿ, ಉದ್ದನೆಯ ತಂತಿಯಂತಹ ಚಿಮಟವನ್ನು ಅದರೊಳಗೆ ಇಳಿಸುತ್ತಾರೆ. ಅದು ಬಲ ಹೃತ್ಕರ್ಣವನ್ನು ದಾಟಿ, ಕವಾಟದ ಮೂಲಕ ಬಲ ಹೃತ್ಕುಕ್ಷಿಯನ್ನು ಸೇರುತ್ತದೆ. ಅಲ್ಲಿ ಮಿಡಿಯುತ್ತಿರುವ ಗೋಡೆಯಿಂದ ಸಾಸಿವೆ ಕಾಳಿನಷ್ಟು ಮಾಂಸವನ್ನು ಕಚ್ಚಿ ತರುತ್ತದೆ. ಹೀಗೆ ನಾಲ್ಕೈದು ಚೂರುಗಳು. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿರಸ್ಕಾರದ ತರತಮವನ್ನು ನಿರ್ಣಯಿಸುವ ಪದ್ಧತಿಯನ್ನು ಅದೇ ಸ್ಟ್ಯಾನ್‌ಫರ್ಡಿನ ಮಾರ್ಗರೆಟ್ ಬಿಲ್ಲಿಂಗ್‌ಹ್ಯಾಮ್ ಎಂಬ ವಿದುಷಿಯು ರೂಪಿಸಿದರು. ಕಸಿಯಾದ ಮೊದಲ ತಿಂಗಳಿನಲ್ಲಿ ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ — ಹೀಗೆ ಮೊದಲ ವರ್ಷವೊಂದರಲ್ಲಿಯೇ ಹತ್ತು ಹನ್ನೆರಡು ಸಲ ರೋಗಿಯು ಕೊರಳನ್ನು ಒಡ್ಡಬೇಕಾಗುತ್ತಿತ್ತು.

ಈ ಪರೀಕ್ಷೆಯಿಂದ ಪ್ರಾಣಗಳು ಉಳಿದುವೆಂಬುದರಲ್ಲಿ ಸಂದೇಹವಿಲ್ಲ. ನಾರ್ವೆ ದೇಶದ ಮಣ್ಣಿನ ಬೂಷ್ಟಿನಿಂದ ದೊರೆತ ಸೈಕ್ಲೋಸ್ಪೋರಿನ್ ಎಂಬ ಔಷಧಿಗೆ ೧೯೮೩ರಲ್ಲಿ ಅಮೆರಿಕದ ಸರ್ಕಾರವು ಅನುಮತಿಯಿತ್ತ ಮೇಲಂತೂ ಕಸಿಮಾಡುವ ಆಸ್ಪತ್ರೆಗಳು ಮತ್ತೆ ಹೆಚ್ಚಿದುವು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಪಿ. ವೇಣುಗೋಪಾಲ್ ಅವರು ೧೯೯೪ರ ಆಗಸ್ಟ್ ೩ರಂದು ಭಾರತದ ಮೊದಲ ಸಫಲವಾದ ಹೃದಯದ ಕಸಿಯನ್ನು ನೆರವೇರಿಸಿದರು. ಆದರೆ ಆ ಹೊಸ ಔಷಧಿಯು ತಿರಸ್ಕಾರವನ್ನು ಮೆತ್ತಗೆ ಮಾಡಿದಂತೆ ಅದರ ಹೊರಗಿನ ಗುರುತುಗಳನ್ನೂ ಮೆತ್ತಗೆ ಮಾಡಿತು. ಹಿಂದೆ ಹೃದಯದ ವಿದ್ಯುಲ್ಲೇಖದ ಗೆರೆಗಳು ಗಿಡ್ಡವಾದುದನ್ನು ಕಂಡು ವೈದ್ಯರು ಅಪಾಯವನ್ನು ಊಹಿಸುತ್ತಿದ್ದರು. ಸೈಕ್ಲೋಸ್ಪೋರಿನ್ ಬಂದ ಮೇಲೆ ಆ ಗುರುತು ನೆಚ್ಚತಕ್ಕದ್ದಾಗಿ ಉಳಿಯಲಿಲ್ಲ. ಹೀಗಾಗಿ ಬಯಾಪ್ಸಿಯೇ ಪರಮಪ್ರಮಾಣವಾಯಿತು.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಬಯಾಪ್ಸಿಯು ಪ್ರತ್ಯಕ್ಷಪ್ರಮಾಣ. ಕಣ್ಣಿನಿಂದ ಕಂಡುದಕ್ಕಿಂತ ಮೇಲಾದ ಸಾಕ್ಷ್ಯವೇನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಇಲ್ಲಿ ಕಂಡದ್ದು ಹೃದಯವನ್ನಲ್ಲ. ಸಾಸಿವೆಯಷ್ಟು ನಾಲ್ಕೈದು ಚೂರುಗಳನ್ನು ಮಾತ್ರ. ತಿರಸ್ಕಾರವು ಹೃದಯದ ಎಲ್ಲ ಭಾಗಗಳಲ್ಲಿಯೂ ಸಮನಾಗಿ ಹಬ್ಬುವುದಿಲ್ಲ. ಚಿಮಟವು ಕಚ್ಚಿದ ಎಡೆಯು ಚೆನ್ನಾಗಿದ್ದು, ಅದರ ಪಕ್ಕದ ಎಡೆಯು ಕೆಟ್ಟಿರಬಹುದು. ಒಂದೇ ಚೂರನ್ನು ನೋಡಿದ ಇಬ್ಬರು ತಜ್ಞರು ಬೇರೆ ಬೇರೆ ನಿರ್ಣಯವನ್ನು ಕೊಡುವುದೂ ಉಂಟು. ಪದೇ ಪದೇ ಚಿಮಟವು ಹಾದುಹೋದುದರಿಂದ ಕವಾಟವು ಹರಿಯುವುದೂ, ಅಪರೂಪವಾಗಿ ಹೃದಯದ ಗೋಡೆಯೇ ತೂತಾಗುವುದೂ ಉಂಟು. ಯಾವ ಹೃದಯವನ್ನು ಉಳಿಸಬೇಕೆಂದು ಇಷ್ಟೆಲ್ಲ ಪ್ರಯತ್ನವೋ ಅದನ್ನೇ ಚೂರುಚೂರಾಗಿ ಚಿವುಟಿ ನೋಡಬೇಕಾದುದು, ಮೊಳೆತಿದೆಯೋ ಇಲ್ಲವೋ ಎಂದು ಬಿತ್ತಿದ ಬೀಜವನ್ನು ಬಗೆದು ನೋಡಿದ ಹಾಗೆ.

ಆದುದರಿಂದ ಅನುಮಾನಪ್ರಮಾಣದ ಕಡೆಗೆ, ಎಂದರೆ ಗುರುತಿನಿಂದ ವಸ್ತುವನ್ನು ಊಹಿಸುವ ಮಾರ್ಗದ ಕಡೆಗೆ, ವಿದ್ವಾಂಸರ ದೃಷ್ಟಿಯು ಹರಿಯಿತು. ಬೆಟ್ಟವನ್ನು ಹತ್ತದೆಯೇ ಅದರ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಹೃದಯವನ್ನು ಮುಟ್ಟದೆಯೇ ಅಲ್ಲಿನ ವ್ಯಥೆಯನ್ನು ತಿಳಿಯಲಾದೀತೆ? ದೇಹದ ಮೂಲೆಮೂಲೆಯನ್ನೂ ಮುಟ್ಟಿ ಬರುವ ದೂತನು ರಕ್ತವೊಂದೇ. ಹೃದಯದ ಸುದ್ದಿಯನ್ನು ರಕ್ತವು ಹೇಳದಿದ್ದರೆ ಮತ್ತಾರು ಹೇಳಬೇಕು?

ಈ ಪ್ರಯತ್ನವು ಎರಡು ಮಾರ್ಗಗಳಲ್ಲಿ ಫಲಿಸಿದೆ. ಮೊದಲನೆಯದು ಕಾವಲುಭಟರ ಮನಸ್ಸನ್ನು ಓದುವ ಮಾರ್ಗ. ದಂಡು ಯುದ್ಧಕ್ಕೆ ಹೊರಡುವ ಮುನ್ನ ಪಾಳೆಯದಲ್ಲಿ ಸಿದ್ಧತೆಯ ಗದ್ದಲವಾಗುವಂತೆ, ಬಿಳಿಯ ಕಣಗಳು ತಿರಸ್ಕಾರಕ್ಕೆ ತೊಡಗುವಾಗ ಅವುಗಳೊಳಗಿನ ಕೆಲವು ಜೀನುಗಳು ಚುರುಕಾಗುತ್ತವೆ, ಕೆಲವು ಮಂಕಾಗುತ್ತವೆ. ಹೀಗೆ ೨೦ ಜೀನುಗಳ ಚಟುವಟಿಕೆಯನ್ನು ರಕ್ತದ ಮಾದರಿಯಲ್ಲಿ ಅಳೆದು, ಸೊನ್ನೆಯಿಂದ ೪೦ರವರೆಗಿನ ಒಂದು ಅಂಕವನ್ನು ಕೊಡುವ 'ಅಲೋಮ್ಯಾಪ್' ಎಂಬ ಪರೀಕ್ಷೆಗೆ ೨೦೦೮ರಲ್ಲಿ ಅಮೆರಿಕದ ಸರ್ಕಾರದ ಮನ್ನಣೆಯು ದೊರೆಯಿತು. ಇದನ್ನು ನಂಬಿ ಬಯಾಪ್ಸಿಯನ್ನು ಬಿಡಬಹುದೆ ಎಂಬುದನ್ನು ಒರೆಗೆ ಹಚ್ಚಿದ ವಿಚಾರಣೆಯ ಫಲವು ೨೦೧೦ರಲ್ಲಿ ಪ್ರಕಟವಾಯಿತು. ಕಸಿಯಾಗಿ ಆರು ತಿಂಗಳು ಕಳೆದಿದ್ದ, ಐದು ವರ್ಷ ಮೀರದಿದ್ದ ೬೦೨ ಮಂದಿ ರೋಗಿಗಳನ್ನು ಎರಡು ಪಂಗಡಮಾಡಿ, ಒಂದಕ್ಕೆ ರಕ್ತಪರೀಕ್ಷೆಯನ್ನೂ ಮತ್ತೊಂದಕ್ಕೆ ವಾಡಿಕೆಯ ಬಯಾಪ್ಸಿಯನ್ನೂ ಗೊತ್ತುಮಾಡಿದ್ದರು. ಎರಡು ವರ್ಷಗಳಲ್ಲಿ ಮರಣವೇ ಮೊದಲಾದ ಗಂಡಾಂತರಗಳಿಗೆ ಗುರಿಯಾದವರು ರಕ್ತಪರೀಕ್ಷೆಯ ಪಂಗಡದಲ್ಲಿ ನೂರಕ್ಕೆ ೧೪.೫, ಬಯಾಪ್ಸಿಯ ಪಂಗಡದಲ್ಲಿ ನೂರಕ್ಕೆ ೧೫.೩. ಆದರೆ ಒಬ್ಬೊಬ್ಬ ರೋಗಿಗೆ ವರ್ಷಕ್ಕೆ ಮೂರು ಬಯಾಪ್ಸಿಗಳಾಗುತ್ತಿದ್ದ ಕಡೆ ಅರ್ಧವಷ್ಟೇ ಆಯಿತು; ಅಂದರೆ ಎರಡು ವರ್ಷಕ್ಕೆ ಒಂದು.

ಎರಡನೆಯದು ಹೃದಯದ ಅವಶೇಷಗಳನ್ನೇ ಹುಡುಕುವ ಮಾರ್ಗ. ಜೀವಕೋಶವೊಂದು ಸತ್ತರೆ ಅದರ ಡಿ.ಎನ್.ಎ. ತುಂಡುತುಂಡಾಗಿ ರಕ್ತದಲ್ಲಿ ತೇಲುತ್ತದೆ. ರಕ್ತದಲ್ಲಿ ಇಂತಹ ಬಿಡಿ ಚೂರುಗಳುಂಟೆಂದು ಫ್ರಾನ್ಸಿನ ಮಾಂಡೆಲ್ ಮತ್ತು ಮೇಟೆ ಎಂಬ ವಿದ್ವಾಂಸರು ೧೯೪೮ರಲ್ಲಿಯೇ ಹೇಳಿದ್ದರು. ಬಹುಕಾಲ ಅದಕ್ಕೆ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಗರ್ಭಿಣಿಯ ರಕ್ತದಲ್ಲಿ ಹೊಟ್ಟೆಯೊಳಗಿನ ಶಿಶುವಿನ ಡಿ.ಎನ್.ಎ. ಸಹ ಇರುತ್ತದೆಂದು ಡೆನ್ನಿಸ್ ಲೋ ಎಂಬವರು ೧೯೯೭ರಲ್ಲಿ ತೋರಿಸಿದರು. ಮರುವರ್ಷವೇ, ಪುರುಷರ ಮೂತ್ರಪಿಂಡವನ್ನೋ ಯಕೃತ್ತನ್ನೋ ಪಡೆದ ಸ್ತ್ರೀಯರ ರಕ್ತದಲ್ಲಿ ಪುರುಷಲಕ್ಷಣದ ಡಿ.ಎನ್.ಎ. ಉಂಟೆಂದು ತೋರಿಸಿಕೊಟ್ಟರು. ತಾಯಿಯ ಬಸಿರಿನ ಮಗುವಿಗೂ ಪರರ ಎದೆಯಲ್ಲಿ ನೆಲಸಿದ ಹೃದಯಕ್ಕೂ ಹೀಗೊಂದು ಹೋಲಿಕೆಯು ಹೊರಪಟ್ಟಿತು: ಎರಡೂ ಅನ್ಯದೇಹದಲ್ಲಿ ವಾಸಿಸುತ್ತ ಆ ದೇಹದ ರಕ್ತದಲ್ಲಿ ತಮ್ಮ ಹೆಜ್ಜೆಗುರುತನ್ನು ಬಿಡುತ್ತವೆ.

ಒಬ್ಬ ಮನುಷ್ಯನ ಡಿ.ಎನ್.ಎ. ಮತ್ತೊಬ್ಬನದಕ್ಕಿಂತ ಅಲ್ಲಲ್ಲಿ ಒಂದೊಂದು ಅಕ್ಷರದಲ್ಲಿ ಭೇದಿಸುತ್ತದೆ. ಅಂತಹ ಎಡೆಗಳನ್ನು ಆರಿಸಿ ಎಣಿಸಿದರೆ, ರಕ್ತದಲ್ಲಿ ತೇಲುವ ಚೂರುಗಳಲ್ಲಿ ದಾನಿಯವು ನೂರಕ್ಕೆ ಎಷ್ಟೆಂದು ತಿಳಿಯುತ್ತದೆ. ಸ್ಟ್ಯಾನ್‌ಫರ್ಡಿನ ಸ್ಟೀಫನ್ ಕ್ವೇಕ್ ಎಂಬ ಭೌತಶಾಸ್ತ್ರಜ್ಞರೂ ಹ್ಯಾನಾ ವ್ಯಾಲಂಟೈನ್ ಎಂಬ ಹೃದಯವೈದ್ಯೆಯೂ ತಮ್ಮ ಸಂಗಡಿಗರೊಡನೆ ೨೦೧೧ರಲ್ಲಿ ಈ ಎಣಿಕೆಯಿಂದ ತಿರಸ್ಕಾರವನ್ನು ಗುರುತಿಸಬಹುದೆಂದು ತೋರಿಸಿದರು. ಕಸಿಯಾದ ದಿನ ದಾನಿಯ ಪಾಲು ಹೆಚ್ಚಾಗಿದ್ದು, ಗಾಯವು ಮಾಯುತ್ತ ಬಂದಂತೆ ಇಳಿಯುತ್ತದೆ. ಎಲ್ಲವೂ ಕ್ಷೇಮವಾಗಿದ್ದಾಗ ಅದು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿ ನಿಲ್ಲುತ್ತದೆ. ತಿರಸ್ಕಾರವು ತೊಡಗಿದರೆ ಮತ್ತೆ ಏರುತ್ತದೆ. ೧೭೧ ಮಂದಿ ರೋಗಿಗಳನ್ನು ಹಿಂಬಾಲಿಸಿ ೨೦೨೧ರಲ್ಲಿ ಪ್ರಕಟವಾದ ಅಮೆರಿಕದ ವಿಚಾರಣೆಯೊಂದರಲ್ಲಿ, ಈ ಏರಿಕೆಯು ಬಯಾಪ್ಸಿಗಿಂತ ಮುಂಚಿತವಾಗಿಯೇ ಕಂಡುಬಂದಿತು. ಬಿಳಿಯ ಕಣಗಳು ನಡಸುವ ತಿರಸ್ಕಾರದಲ್ಲಿ ಸುಮಾರು ಅರ್ಧ ತಿಂಗಳು, ಪ್ರತಿಕಾಯಗಳೆಂಬ ದ್ರವ್ಯಗಳಿಂದಾಗುವ ತಿರಸ್ಕಾರದಲ್ಲಿ ಮೂರು ತಿಂಗಳಿಗೂ ಮಿಕ್ಕು. ಚೂರುಗಳ ಪಾಲು ನೂರಕ್ಕೆ ಕಾಲು ಅಂಶಕ್ಕಿಂತ ಕಡಮೆಯಿದ್ದಾಗ ತಿರಸ್ಕಾರವಿಲ್ಲವೆಂದ ಮಾತು ನೂರಕ್ಕೆ ೯೯ ಸಲ ನಿಜವಾಯಿತು.

ಇಷ್ಟನ್ನು ಓದಿದವರು ಇನ್ನು ಬಯಾಪ್ಸಿಯ ಕಾಲವು ಮುಗಿಯಿತೆಂದು ಹರ್ಷಪಡಬಹುದು. ಇಲ್ಲಿಯೇ ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಯು ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆಂಬುದು ಸರಿಯೆ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡನ್ನು ತಾರ್ಕಿಕರು ಇದಕ್ಕೇ ಉದಾಹರಿಸಿದ್ದಾರೆ. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ರಕ್ತಪರೀಕ್ಷೆಯಿಂದ ರೋಗಿಯು ಮುಖ್ಯವಾಗಿ ಬಯಸುವುದು 'ಬೆಂಕಿಯಿಲ್ಲ' ಎಂಬ ಅಭಯವನ್ನೇ. ಜೀನುಗಳ ಪರೀಕ್ಷೆಯು ಬಿಳಿಯ ಕಣಗಳ ಗದ್ದಲವನ್ನು ಕೇಳಬಲ್ಲದಲ್ಲದೆ, ಪ್ರತಿಕಾಯಗಳಿಂದ ನಡೆಯುವ ತಿರಸ್ಕಾರವನ್ನು ಕಾಣುವುದಕ್ಕೆ ರಚಿತವಾದುದಲ್ಲ. ಅದರ ಪಾಲಿಗೆ ಇದು ಕಾದ ಕಬ್ಬಿಣ. ಆ ೨೦೧೦ರ ವಿಚಾರಣೆಯಲ್ಲಿಯೂ ಚಿಕಿತ್ಸೆಗೆ ಬಂದ ತಿರಸ್ಕಾರಗಳಲ್ಲಿ ಅಂಕವೊಂದರಿಂದಲೇ ಪತ್ತೆಯಾದುವು ಸ್ವಲ್ಪವೇ. ಹೆಚ್ಚಿನವನ್ನು ರೋಗಿಯ ದೇಹಲಕ್ಷಣಗಳೂ ಹೃದಯದ ಪ್ರತಿಧ್ವನಿ ಚಿತ್ರವೂ ತಿಳಿಸಿಕೊಟ್ಟುವು.

'ನೂರಕ್ಕೆ ತೊಂಬತ್ತೇಳು' ಎಂಬಂತಹ ಅಂಕಿಗಳಲ್ಲಿಯೂ ವಿವೇಚನೆಯು ಬೇಕು. ಊರಿನಲ್ಲಿ ವರ್ಷಕ್ಕೊಮ್ಮೆ ಎಲ್ಲೋ ಬೆಂಕಿ ಬೀಳುವುದಾದರೆ, ಕಣ್ಣನ್ನೇ ತೆರೆಯದೆ ದಿನವೂ 'ಬೆಂಕಿಯಿಲ್ಲ' ಎಂದು ಕೂಗುವ ತಳವಾರನ ಮಾತು ವರ್ಷದಲ್ಲಿ ಒಂದು ದಿನ ಹೊರತು ಎಲ್ಲ ದಿನವೂ ನಿಜವಾಗುತ್ತದೆ. ೨೦೧೯ರಲ್ಲಿ ಪ್ರಕಟವಾದ, ೭೪೦ ಮಂದಿ ರೋಗಿಗಳ ವಿಚಾರಣೆಯೊಂದರಲ್ಲಿ, ದಾನಿಯ ಡಿ.ಎನ್.ಎ.ಯ ಪಾಲಿಗೆ ನೂರಕ್ಕೆ ೦.೨ ಎಂಬ ಎಲ್ಲೆಯನ್ನು ಇಟ್ಟುಕೊಂಡಾಗ, ಇಲ್ಲವೆಂದ ಮಾತು ನೂರಕ್ಕೆ ೯೭ ಸಲ ನಿಜವಾಗಿತ್ತು. ಆದರೆ ನಿಜವಾದ ತಿರಸ್ಕಾರಗಳಲ್ಲಿ ಆ ಎಲ್ಲೆಯನ್ನು ಮೀರಿ ಸಿಕ್ಕಿಬಿದ್ದುವು ನೂರಕ್ಕೆ ೪೪ ಮಾತ್ರ. ಎರಡು ಅಂಕಿಗಳೂ ಒಂದೇ ಪರೀಕ್ಷೆಯವು. ಮೊದಲನೆಯದನ್ನು ಮಾತ್ರ ಕೇಳಿದವನು ನಿಶ್ಚಿಂತನಾಗುವನು. ಎರಡನೆಯದನ್ನು ಮಾತ್ರ ಕೇಳಿದವನು ಪರೀಕ್ಷೆಯನ್ನೇ ಬಿಸುಡುವನು. ಎರಡನ್ನೂ ಕೂಡಿಸಿ ಓದುವವನೇ ವೈದ್ಯನು.

ಇನ್ನು ಹೊಗೆ ಕಂಡಾಗಲೂ ಎಚ್ಚರವು ಬೇಕು. ದೂರದ ಬೆಟ್ಟದ ಮೇಲಿನ ಮಂಜನ್ನೇ ಹೊಗೆಯೆಂದು ಭ್ರಮಿಸುವುದುಂಟಷ್ಟೆ? ದಾನಿಯ ಚೂರುಗಳು ಹೃದಯದ ಗಾಯವನ್ನು ಹೇಳುತ್ತವೆಯೇ ಹೊರತು ಗಾಯಮಾಡಿದವರಾರೆಂಬುದನ್ನು ಹೇಳವು. ಬಯಾಪ್ಸಿಯ ಚಿಮಟವು ಕಚ್ಚಿದ ತರುವಾಯವೂ ಅವು ಏರುತ್ತವೆ. ಅಂತಹ ಏರಿಕೆಯನ್ನು ಕಂಡ ಕೂಡಲೆ ತಿರಸ್ಕಾರವೆಂದೇ ನಿಶ್ಚಯಿಸಿ ಔಷಧಿಯನ್ನು ಹೆಚ್ಚಿಸುವವನು ಕೇಪ್‌ಟೌನಿನ ಆ ಹದಿನೆಂಟು ದಿನಗಳನ್ನು ಮರೆತವನು. ಆದುದರಿಂದ ಅಂಕಿಯು ಏರಿದಾಗ ಬಯಾಪ್ಸಿಯು ಇಂದಿಗೂ ಬೇಕು. ಬೆಟ್ಟವನ್ನು ಹತ್ತಿ ನೋಡುವುದು ತಪ್ಪಲಿಲ್ಲ; ದಿನವೂ ಹತ್ತುವುದು ತಪ್ಪಿತು, ಅಷ್ಟೆ.

ಈ 'ಅಷ್ಟೆ' ಎಂಬುದು ಅಲ್ಪವಲ್ಲ. ನಾಳೆ ಬಯಾಪ್ಸಿಯೆಂದರೆ ಹಿಂದಿನ ರಾತ್ರಿಯೇ ನಿದ್ರೆಗೆಡುವ ರೋಗಿಗೆ, ತೋಳಿನಿಂದ ಒಂದು ಸೀಸೆಯಷ್ಟು ರಕ್ತವನ್ನು ಕೊಟ್ಟು ಮನೆಗೆ ಬಂದು ಊಟಕ್ಕೆ ಕುಳಿತುಕೊಳ್ಳುವುದೆಂದರೆ ದೊಡ್ಡ ಬಿಡುಗಡೆ. ಚಿಕ್ಕ ಮಕ್ಕಳ ವಿಷಯದಲ್ಲಂತೂ ಹೇಳಬೇಕಾದುದೇ ಇಲ್ಲ. ಬಯಾಪ್ಸಿಯೆಂದರೆ ಅವರಲ್ಲಿ ಬಹುಮಂದಿಗೆ ಮತ್ತುಬರಿಸಲೇಬೇಕು. ಅಂಕಿಯು ಇಳಿದು ನಿಂತಿದೆಯೆಂದು ತಿಳಿದಾಗ ವೈದ್ಯನು ಔಷಧಿಯನ್ನು ಧೈರ್ಯವಾಗಿ ಸ್ವಲ್ಪಸ್ವಲ್ಪವೇ ಇಳಿಸಬಲ್ಲನು. ಇಳಿಸಿದಷ್ಟೂ ಸೋಂಕಿನ ಭಯವು ತಗ್ಗುತ್ತದೆ. ಆದರೆ ಇಂತಹ ಪರೀಕ್ಷೆಗಳಿಗೆ ವಿಶೇಷವಾದ ಯಂತ್ರಗಳೂ ಪ್ರಯೋಗಶಾಲೆಗಳೂ ಬೇಕು, ವೆಚ್ಚವೂ ಹೆಚ್ಚು. ಹೃದಯವನ್ನು ದಾನಮಾಡಿದವರು ಬೆಲೆಯನ್ನು ಕೇಳಲಿಲ್ಲ. ಆ ದಾನವನ್ನು ಕಾಯುವ ಉಪಾಯವು ಉಳ್ಳವರಿಗೆ ಮಾತ್ರ ದೊರೆತರೆ ಅದು ದಾನಕ್ಕೆ ಒಪ್ಪುವ ಮಾತಾಗದು.

ಹೀಗೆ ರಕ್ತವನ್ನು ಎಣಿಸಿ ನೋಡುವಲ್ಲಿ ಇನ್ನೊಂದು ವಿಚಾರವೂ ಮನಸ್ಸಿಗೆ ಬಾರದೆ ಇರದು. ಎಲ್ಲವೂ ಕ್ಷೇಮವಾಗಿರುವಾಗಲೂ ದಾನಿಯ ಪಾಲು ಸೊನ್ನೆಯಾಗುವುದಿಲ್ಲ. ಯಾರನ್ನು ಮನೆಯವರು ಕಣ್ಣೀರಿಟ್ಟು ಕಳುಹಿಸಿಕೊಟ್ಟರೋ ಅವರ ಕೆಲವು ಅಕ್ಷರಗಳು ಬದುಕಿರುವ ಮತ್ತೊಬ್ಬರ ರಕ್ತದಲ್ಲಿ ಹರಿಯುತ್ತಲೇ ಇರುತ್ತವೆ. ಹುಟ್ಟಿದ ಚೂರು ಒಂದೆರಡು ಗಂಟೆಗಳೊಳಗೆ ಕರಗಿಹೋಗಿ, ಹೊಸ ಚೂರುಗಳು ಅದರ ಎಡೆಗೆ ಬರುತ್ತವೆ. ಪರರ ಮನೆಯಲ್ಲಿ ಬಾಳಲು ಬಂದ ಹೃದಯವು ಹೊತ್ತುಹೊತ್ತಿಗೆ ಕಳುಹಿಸುವ ಕ್ಷೇಮಸಮಾಚಾರವಿದು. ಐವತ್ತು ವರ್ಷಗಳ ಪರಿಶ್ರಮದಿಂದ ಮನುಷ್ಯನು ಈ ಓಲೆಯನ್ನು ಓದುವುದನ್ನು ಕಲಿತಿದ್ದಾನೆ. ಓಲೆಯು ಬಂದ ದಿನ ಓದಿ ಸಮಾಧಾನಪಡುವುದೂ, ಅದರಲ್ಲಿ ಬರೆಯದೆ ಬಿಟ್ಟುದೇನಾದರೂ ಉಂಟೆ ಎಂದು ರೋಗಿಯ ಮುಖವನ್ನೊಮ್ಮೆ ನೋಡುವುದೂ, ಎರಡೂ ವೈದ್ಯನ ಧರ್ಮವೇ ಆಗಿವೆ.